ಪಂಪ್ ಕಟ್ಟಿಕೊಂಡು ಕೋಟೆ ಹತ್ತುವ ಮುಂಚೆ

ಚಿತ್ರದುರ್ಗದ ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಗೆ ಹೋಗುವ ದಾರಿಯಲ್ಲಿ ನಾನು ಒಮ್ಮೆ ಕುಸಿದು ಕೂತಿದ್ದೆ. ದಿನವಿಡೀ ಮೈಗೆ ಇನ್ಸುಲಿನ್ ಹನಿಸುವ ಪುಟ್ಟ ಯಂತ್ರ, ಇನ್ಸುಲಿನ್ ಪಂಪ್ ಹಾಕಿಸಿಕೊಂಡು ಆಗಿನ್ನೂ ಮೂರು ವಾರ. ಕೈ ನಡುಗುತ್ತಿತ್ತು. ಬೆನ್ನ ಮೇಲೆ ತಣ್ಣನೆ ಬೆವರು. ಪಕ್ಕದಲ್ಲಿದ್ದ ಭಾವ ಏನೋ ಕೇಳುತ್ತಿದ್ದರೆ ಆ ಮಾತು ಎಲ್ಲೋ ದೂರದಿಂದ ಬಂದ ಹಾಗಿತ್ತು. ಮೀಟರ್‌ನಲ್ಲಿ ಶುಗರ್ 52. ಕೆಳಗೆ ಟಿಕೆಟ್ ತಗೊಳ್ಳುವಾಗ 160 ಇತ್ತು.

ಭಾವ ಚೀಲದಿಂದ ಗ್ಲುಕೋಸ್ ಪುಡಿ ತೆಗೆದು ನೀರಿಗೆ ಹಾಕಿ ಕೊಟ್ಟರು. ಅಲ್ಲೇ ನಿಂತಿದ್ದ ಅಜ್ಜಿಯೊಬ್ಬರು ನೋಡುತ್ತಿದ್ದರು. "ಶುಗರ್ ಐತಿ ಅಂತೀಯ, ಮತ್ತೆ ಸಕ್ರಿ ನೀರು ಕುಡೀತೀಯಲ್ಲಪ್ಪ!" ಅಂದರು. ನಗು ಬಂತು. ನಗೋದಕ್ಕೆ ಶಕ್ತಿ ಇರಲಿಲ್ಲ.

ಆವತ್ತು ನಾನು ಪಂಪ್ ನಿಲ್ಲಿಸಿಯೇ ಹತ್ತಿದ್ದೆ, ಗೊತ್ತಾ? ಟಿಕೆಟ್ ಕೈಗೆ ಬಂದ ಕೂಡಲೇ ಸಸ್ಪೆಂಡ್ ಒತ್ತಿ, ಇನ್ನೇನು ಭಯ ಅಂತ ಹೊರಟಿದ್ದೆ. ಎಡವಿದ್ದು ಅಲ್ಲೇ.

ನಮ್ಮ ಚನ್ನಗಿರಿ ಕಡೆ ಅಡಿಕೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಡ್ರಿಪ್ ಮೋಟರ್ ಆಫ್ ಮಾಡಿದರೆ ಗಿಡದ ಬುಡ ತಕ್ಷಣ ಒಣಗುತ್ತದೆಯೇ? ಇಲ್ಲ. ಮಣ್ಣಲ್ಲಿ ಇಳಿದ ನೀರನ್ನು ಗಿಡ ಹೀರುತ್ತಲೇ ಇರುತ್ತದೆ. ಪಂಪ್ ಕೂಡ ಹಾಗೆಯೇ. ದಿನವಿಡೀ ಹನಿಹನಿಯಾಗಿ ಹೋಗುವುದು ಬೇಸಲ್. ಊಟಕ್ಕೆ ಒಮ್ಮೆಲೇ ಹಾಕುವುದು ಬೋಲಸ್. ಎರಡೂ ಒಂದೇ ಬೇಗ ಕೆಲಸ ಮಾಡುವ ಇನ್ಸುಲಿನ್. ಚರ್ಮದಡಿ ಹೋದ ಮೇಲೆ ಒಂದೆರಡು ಗಂಟೆಯಲ್ಲಿ ಜೋರಾಗಿ ಕೆಲಸ ಮಾಡಿ, ಪೂರ್ತಿ ಮುಗಿಯಲು ಮೂರರಿಂದ ಐದು ಗಂಟೆ ಬೇಕು. ಒಳಗೆ ಹೋದದ್ದನ್ನು ವಾಪಸ್ ಕರೆಯಲು ಯಾವ ಬಟನ್ನೂ ಇಲ್ಲ. ಅದರ ಜೊತೆಗೆ ಕಾಲಿನ ಸ್ನಾಯು ದುಡಿಯಲು ಶುರು ಮಾಡಿದರೆ, ಇನ್ಸುಲಿನ್ ಸಹಾಯ ಅಷ್ಟಾಗಿ ಇಲ್ಲದೆಯೂ ಅದು ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳುತ್ತದೆ. ಎರಡು ಕಡೆಯಿಂದ ಎಳೆತ. 160 ಇದ್ದದ್ದು 52 ಆಗಲು ಇನ್ನೇನು ಬೇಕು?

ಹಾಗಾಗಿ ಕೋಟೆ ಹತ್ತುವ ಕೆಲಸ ಕೋಟೆ ಬಾಗಿಲಲ್ಲಿ ಶುರುವಾಗುವುದಿಲ್ಲ. ಒಂದೂವರೆ ಗಂಟೆ ಮುಂಚೆ, ದಾವಣಗೆರೆಯ ನಮ್ಮ ಅಡುಗೆಮನೆಯಲ್ಲೇ ಶುರುವಾಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಇನ್ಸುಲಿನ್ ಪಂಪ್ ಬಳಸುವವರಿಗೆ, ಅದರಲ್ಲೂ ಟೈಪ್ 1 (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಥರದ ಶುಗರ್) ಇರುವವರಿಗೆ ಬರೆದದ್ದು. ಮಾತ್ರೆಯಲ್ಲೇ ಶುಗರ್ ಹಿಡಿತದಲ್ಲಿ ಇಟ್ಟುಕೊಂಡವರಿಗೆ ಈ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ಶುರು ಮಾಡುವುದಕ್ಕೆ ಮಾತ್ರ. ಅವನ್ನು ನಿಮ್ಮ ಡಾಕ್ಟರ್ ಮುಂದಿಟ್ಟು, ನಿಮ್ಮ ಮೈಗೆ ತಕ್ಕ ಹಾಗೆ ತಿದ್ದಿಸಿಕೊಳ್ಳಿ. ಕಣ್ಣಿನ ರೆಟಿನಾದ ತೊಂದರೆ ಅಥವಾ ಹೃದಯದ ತೊಂದರೆ ಇದ್ದರೆ ಕೇಳದೆ ಹತ್ತಲೇಬೇಡಿ. ಶುಗರ್ ಸಂಖ್ಯೆಗಳೆಲ್ಲ ನಮ್ಮ ಮೀಟರ್‌ಗಳು ತೋರಿಸುವ ಮಿಲಿಗ್ರಾಂ ಲೆಕ್ಕದಲ್ಲಿವೆ.

ಹಿಂದಿನ ದಿನ

ಕ್ಯಾನುಲಾ (ಪಂಪ್‌ನ ಇನ್ಸುಲಿನ್ ಒಳಗೆ ಹೋಗಲು ಚರ್ಮದಡಿ ತೂರಿಸುವ ಸಣ್ಣ ನಳಿಕೆ) ಎಲ್ಲಿದೆ, ಎಷ್ಟು ದಿನವಾಗಿದೆ ಅಂತ ನೋಡಿ. ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸುವುದು ಹೇಗೂ ಇದ್ದೇ ಇದೆ. ನಾಳೆ ಬೆಟ್ಟ ಅಂತ ಇದ್ದರೆ ಇಂದು ಮಧ್ಯಾಹ್ನವೇ ಬದಲಾಯಿಸಿ, ಕೆಲಸ ಮಾಡುತ್ತಿದೆಯೇ ಅಂತ ಸಂಜೆಯೊಳಗೆ ಖಚಿತ ಮಾಡಿಕೊಳ್ಳಿ. ತೊಡೆಗೆ ಹಾಕಬೇಡಿ. ದುಡಿಯುವ ಸ್ನಾಯುವಿನ ಮೇಲೆ ರಕ್ತ ಜಾಸ್ತಿ ಹರಿಯುತ್ತದೆ, ಇನ್ಸುಲಿನ್ ಬೇಗ ಒಳಗೆ ಹೋಗುತ್ತದೆ. ಹೊಟ್ಟೆ ಅಥವಾ ಸೊಂಟದ ಹಿಂಭಾಗ ಒಳ್ಳೆಯದು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ಅಂಟು ಬಿಡುತ್ತದೆ. ಮೇಲೊಂದು ಪಟ್ಟಿ ಅಂಟಿಸುವುದಾದರೆ ಹಿಂದಿನ ರಾತ್ರಿ, ಒಣಗಿದ ಚರ್ಮದ ಮೇಲೆ ಅಂಟಿಸಿ. ಬೆವರಿದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಹಿಂದಿನ 24 ಗಂಟೆಯಲ್ಲಿ ಜೋರು ಲೋ (ಶುಗರ್ ತೀರಾ ಕೆಳಗೆ ಬೀಳುವುದು) ಆಗಿ, ಬೇರೆಯವರು ಎಬ್ಬಿಸಿ ಸಕ್ಕರೆ ಕೊಡುವ ಸ್ಥಿತಿ ಬಂದಿತ್ತಾ? ಹಾಗಾದರೆ ನಾಳೆ ಬೇಡ. ಒಮ್ಮೆ ಜೋರು ಲೋ ಆದ ಮೈ ಮರುದಿನ ಸರಿಯಾಗಿ ಎಚ್ಚರಿಕೆ ಕೊಡುವುದಿಲ್ಲ. ನಡುಕವೂ ಇಲ್ಲ, ಬೆವರೂ ಇಲ್ಲ, ನೇರವಾಗಿ ಮಂಪರು. ಕೋಟೆ ಎಲ್ಲೂ ಹೋಗುವುದಿಲ್ಲ, ಮುಂದಿನ ಭಾನುವಾರ ಹತ್ತಿದರಾಯಿತು.

ಒಂದೂವರೆ ಗಂಟೆ ಮುಂಚೆ

ಇದೇ ಮುಖ್ಯ. ನಿಧಾನವಾಗಿ ಓದಿ.

ನಡಿಗೆ, ಬೆಟ್ಟ ಹತ್ತುವುದು, ಸೈಕಲ್ ತರಹ ಒಂದೇ ಸಮನೆ ಉಸಿರು ಏರಿಸುವ ವ್ಯಾಯಾಮಕ್ಕೆ 60ರಿಂದ 90 ನಿಮಿಷ ಮುಂಚೆ ಬೇಸಲ್ ಇಳಿಸಬೇಕು. ಎಷ್ಟು? ಸಾಮಾನ್ಯವಾಗಿ 50ರಿಂದ 80 ಶೇಕಡಾ ಕಡಿಮೆ. ಪಂಪ್‌ನಲ್ಲಿ ಟೆಂಪ್ ಬೇಸಲ್ (ಸ್ವಲ್ಪ ಹೊತ್ತಿಗೆ ಮಾತ್ರ ಬದಲಿಸುವ ಬೇಸಲ್) ಅಂತ ಇರುತ್ತದೆ, ಅದರಲ್ಲಿ ಪ್ರಮಾಣ ಹಾಕಿ, ಎಷ್ಟು ಹೊತ್ತು ಅಂತ ಹಾಕಿ. ನನ್ನ ಬೇಸಲ್ ಬೆಳಗಿನ ಹೊತ್ತು ಗಂಟೆಗೆ 0.8 ಯೂನಿಟ್. ಅರ್ಧಕ್ಕೆ ಇಳಿಸಿದರೆ 0.4. ಏಳು ಗಂಟೆಗೆ ಹತ್ತುವುದಾದರೆ ಐದೂವರೆಗೆ ಇದನ್ನು ಹಾಕಿ, ಹತ್ತುವುದು ಮುಗಿಯುವ ಹೊತ್ತಿನವರೆಗೆ ಬಿಡುತ್ತೇನೆ. ಕಾರು ಭಾವ ಓಡಿಸುತ್ತಾರೆ. ಒಂದು ಗಂಟೆಯ ದಾರಿ ಹೀಗೆ ಕೆಲಸಕ್ಕೆ ಬರುತ್ತದೆ.

ಇಲ್ಲೊಂದು ಎಡವುವ ಜಾಗ ಇದೆ. ಕೆಲವು ಪಂಪ್‌ಗಳಲ್ಲಿ 30 ಅಂತ ಹಾಕಿದರೆ 'ಬೇಸಲ್‌ನ 30 ಶೇಕಡಾ ಮಾತ್ರ ಕೊಡು' ಅಂತ ಅರ್ಥ. ಇನ್ನು ಕೆಲವದರಲ್ಲಿ '30 ಶೇಕಡಾ ಕಮ್ಮಿ ಮಾಡು' ಅಂತ. ಒಂದರಲ್ಲಿ 0.24 ಹೋಗುತ್ತದೆ, ಇನ್ನೊಂದರಲ್ಲಿ 0.56. ನಿಮ್ಮದು ಯಾವ ಥರ ಅಂತ ಪರದೆಯ ಮೇಲೆ ಯೂನಿಟ್ ಸಂಖ್ಯೆ ನೋಡಿಯೇ ಒಪ್ಪಿಗೆ ಒತ್ತಿ. ಬೇರೆಯವರ ಪಂಪ್‌ನ ಸಂಖ್ಯೆಯನ್ನು ಫೋನಲ್ಲಿ ಕೇಳಿ ಹಾಕಿಕೊಳ್ಳುವವರಂತೂ ಇದನ್ನು ಎರಡು ಸಲ ಓದಿ.

ಎರಡನೆಯದು, ದೇಹದಲ್ಲಿ ಇನ್ನೂ ಕೆಲಸ ಮುಗಿಸದೆ ಉಳಿದಿರುವ ಇನ್ಸುಲಿನ್. ಪಂಪ್ ಅದನ್ನು ಪರದೆಯಲ್ಲೇ ತೋರಿಸುತ್ತದೆ, 'ಆ್ಯಕ್ಟಿವ್ ಇನ್ಸುಲಿನ್' ಅಂತ. ಇದನ್ನು ನೋಡದೆ ಬರೀ ಶುಗರ್ ನೋಡಿ ಹೊರಡುವುದು, ಪೆಟ್ರೋಲ್ ಎಷ್ಟಿದೆ ಅಂತ ನೋಡಿ ಬ್ರೇಕ್ ಇದೆಯೋ ಇಲ್ಲವೋ ನೋಡದ ಹಾಗೆ. ಲೆಕ್ಕ ಹೀಗೆ: ನನಗೆ 1 ಯೂನಿಟ್ ಇನ್ಸುಲಿನ್ ಸುಮಾರು 50 ಇಳಿಸುತ್ತದೆ. ಶುಗರ್ 160, ಉಳಿದ ಇನ್ಸುಲಿನ್ 2 ಯೂನಿಟ್. ತಿಂದದ್ದೆಲ್ಲ ಆಗಲೇ ಅರಗಿದ್ದರೆ, ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೂ ಅದು 60ಕ್ಕೆ ಬರಬಹುದು. ಇನ್ನು ಕೋಟೆ ಹತ್ತಿದರೆ? ನಾನು ಕುಸಿದ ಆ ದಿನ ಆರೂವರೆಗೆ ನಾಲ್ಕು ಇಡ್ಲಿ ತಿಂದು, ಪೂರ್ತಿ ಬೋಲಸ್ ಹಾಕಿ, ಏಳೂ ಮುಕ್ಕಾಲಿಗೆ ಹತ್ತಲು ಶುರು ಮಾಡಿದ್ದೆ. ಬೋಲಸ್ ಜೋರಾಗಿ ಕೆಲಸ ಮಾಡುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲಿದ್ದೆ.

ವ್ಯಾಯಾಮಕ್ಕೆ ಒಂದೆರಡು ಗಂಟೆ ಮುಂಚೆ ತಿನ್ನುವುದಾದರೆ ಆ ಊಟದ ಬೋಲಸ್ಸನ್ನೂ ಇಳಿಸಬೇಕು. ಹಗುರ ನಡಿಗೆಗೆ ಕಾಲು ಭಾಗ, ಬೆಟ್ಟ ಹತ್ತುವಂಥದ್ದಕ್ಕೆ ಅರ್ಧ ಅಥವಾ ಇನ್ನೂ ಜಾಸ್ತಿ. ಸಂಜೆ ಕುಂದವಾಡ ಕೆರೆಗೆ ವಾಕಿಂಗ್ ಹೋಗುವವರು ಐದಕ್ಕೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಬೋಲಸ್ ಹಾಕಿ, ಆರಕ್ಕೆ ಹೊರಡುತ್ತಾರಲ್ವಾ? ಮಂಡಕ್ಕಿ ಗಾಳಿಯಷ್ಟು ಹಗುರ ಅನ್ನಿಸಿದರೂ ಅಕ್ಕಿಯೇ. ಬೇಗ ಶುಗರ್ ಏರಿಸಿ, ಬೇಗ ಮುಗಿಯುತ್ತದೆ. ಇನ್ಸುಲಿನ್ ಮಾತ್ರ ಕೆರೆ ಸುತ್ತುವ ಹೊತ್ತಿಗೆ ಇನ್ನೂ ದುಡಿಯುತ್ತಿರುತ್ತದೆ.

ಎಲ್ಲಕ್ಕಿಂತ ಸುಲಭ ದಾರಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಹಿಂದಿನ ಬೋಲಸ್ ಪೂರ್ತಿ ಮುಗಿದ ಮೇಲೆ ಹೋಗುವುದು. ಬೇಸಲ್ ಬಿಟ್ಟರೆ ದೇಹದಲ್ಲಿ ಬೇರೆ ಇನ್ಸುಲಿನ್ ಇರುವುದಿಲ್ಲ, ಲೋ ಆಗುವ ಸಂಭವ ಕಡಿಮೆ. ನಾನು ಈಗ ಹೀಗೆಯೇ ಮಾಡುವುದು. ತಿಂಡಿ ಏನಿದ್ದರೂ ಕೋಟೆಯಿಂದ ಇಳಿದು ಬಂದ ಮೇಲೆ.

ತನ್ನಷ್ಟಕ್ಕೆ ತಾನೇ ಇನ್ಸುಲಿನ್ ಏರಿಸಿ ಇಳಿಸುವ ಸ್ಮಾರ್ಟ್ ಪಂಪ್ ಇದ್ದರೆ ದಾರಿ ಸ್ವಲ್ಪ ಬೇರೆ. ಅದರಲ್ಲಿ ಬೇಸಲ್ ಕೈಯಾರೆ ಇಳಿಸುವ ಬದಲು ವ್ಯಾಯಾಮದ ಹೊತ್ತಿಗೆ ಶುಗರ್ ಎಷ್ಟಿರಬೇಕು ಅನ್ನುವ ಗುರಿ ಹಾಕುತ್ತೇವೆ. ಮಿನಿಮೆಡ್ 780ಜಿ ಅನ್ನುವ ಪಂಪ್‌ನಲ್ಲಿ ಅದು 150. ಒಂದೆರಡು ಗಂಟೆ ಮುಂಚೆಯೇ ಹಾಕಬೇಕು. ಇಂಥ ಪಂಪ್ ಇರುವವರು ಅರ್ಧ ಗಂಟೆ ಮುಂಚೆ 'ಇರಲಿ' ಅಂತ ಬಾಳೆಹಣ್ಣು ತಿನ್ನಬೇಡಿ. ಶುಗರ್ ಏರಿದ್ದನ್ನು ನೋಡಿ ಪಂಪ್ ಇನ್ಸುಲಿನ್ ಕೊಟ್ಟುಬಿಡುತ್ತದೆ, ನೀವು ನಡೆಯುವಾಗ ಅದು ಬೀಳಿಸುತ್ತದೆ. ತಿನ್ನುವುದಾದರೆ ಹೊರಡುವ ಐದು ಹತ್ತು ನಿಮಿಷ ಮುಂಚೆ.

ಮೆಟ್ಟಿಲ ಬುಡದಲ್ಲಿ

ಬೆರಳು ಚುಚ್ಚಿ ನೋಡಿ. ಶುಗರನ್ನು ತಾನೇ ನೋಡುತ್ತಿರುವ, ಮೈಗೆ ಅಂಟಿಸಿದ ಸೆನ್ಸರ್ ಇದ್ದರೂ ಒಮ್ಮೆ ಮೀಟರ್‌ನಲ್ಲಿ ನೋಡುವುದು ಒಳ್ಳೆಯದು.

126ರಿಂದ 180ರ ನಡುವೆ ಇದ್ದರೆ ಹೊರಡಿ. 90ರಿಂದ 125 ಇದ್ದರೆ 10 ಗ್ರಾಂ ಗ್ಲುಕೋಸ್ ತಗೊಂಡು ಹೊರಡಿ. 90ಕ್ಕಿಂತ ಕೆಳಗಿದ್ದರೆ 10ರಿಂದ 20 ಗ್ರಾಂ ತಗೊಂಡು, ಏರುವವರೆಗೆ ಕೂತಿರಿ. ಆತುರ ಬೇಡ. 180 ದಾಟಿ 270ರ ಒಳಗಿದ್ದರೆ ನಿಧಾನ ನಡಿಗೆಗೆ ತೊಂದರೆಯಿಲ್ಲ, ಕಣ್ಣಿಟ್ಟಿರಿ.

270 ದಾಟಿದರೆ ಕಥೆಯೇ ಬೇರೆ. ಯಾಕೆ ಏರಿದೆ ಅಂತ ಮೊದಲು ಕೇಳಿಕೊಳ್ಳಿ. ಈಗ ತಾನೇ ತಿಂದು ಏರಿದ್ದರೆ ಒಂದು ಮಾತು. ಖಾಲಿ ಹೊಟ್ಟೆಯಲ್ಲಿ, ಕಾರಣವಿಲ್ಲದೆ ಏರಿದ್ದರೆ ಕ್ಯಾನುಲಾ ಮಡಚಿರಬಹುದು ಅಥವಾ ಕಿತ್ತುಬಂದಿರಬಹುದು. ಪಂಪ್ ಬಳಸುವವರ ಮೈಯಲ್ಲಿ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ನಿನ ಆಸರೆ ಇರುವುದಿಲ್ಲ. ಹನಿ ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಏರಲು ಶುರುವಾಗುತ್ತದೆ. ಒಂದು ಭಾನುವಾರ 290 ಇತ್ತು. ನಡೆದರೆ ಇಳಿಯುತ್ತದೆ ಅಂತ ಕೆರೆ ಸುತ್ತಲು ಹೋದೆ. ವಾಪಸ್ ಬಂದಾಗ 340, ಹೊಟ್ಟೆ ತೊಳಸು ಬೇರೆ. ಅಂಗಿ ಎತ್ತಿ ನೋಡಿದರೆ ಕ್ಯಾನುಲಾ ಬಟ್ಟೆಗೆ ಸಿಕ್ಕಿ ಅರ್ಧ ಹೊರಗಿತ್ತು. ಇನ್ಸುಲಿನ್ ಇಲ್ಲದೆ ನಡೆದರೆ ಯಕೃತ್ತು ಇನ್ನಷ್ಟು ಗ್ಲುಕೋಸ್ ಸುರಿಯುತ್ತದೆ, ಸ್ನಾಯುವಿಗೆ ಅದನ್ನು ಪೂರ್ತಿ ಬಳಸಲು ಆಗುವುದಿಲ್ಲ. ಶುಗರ್ ಏರುತ್ತದೆ, ಕೀಟೋನೂ ಏರುತ್ತದೆ.

ರಕ್ತದ ಕೀಟೋನ್ (ಇದು ಮಿಲಿಮೋಲ್ ಲೆಕ್ಕ) 0.6ರ ಒಳಗಿದ್ದರೆ ಹಗುರವಾಗಿ ಓಡಾಡಬಹುದು. 1.5 ಅಥವಾ ಮೇಲಿದ್ದರೆ ವ್ಯಾಯಾಮ ಬೇಡವೇ ಬೇಡ. ನಡುವೆ ಇದ್ದರೂ ಮೊದಲು ಅದನ್ನು ಸರಿಮಾಡಿಕೊಳ್ಳಿ, ಬೆಟ್ಟ ಆಮೇಲೆ. ಕೀಟೋನ್ ಏರಿದ್ದಾಗ ಪಂಪ್‌ನ ಬೋಲಸ್ ನಂಬಬೇಡಿ. ಡಾಕ್ಟರ್ ಹೇಳಿಕೊಟ್ಟ ಪ್ರಮಾಣವನ್ನು ಪೆನ್ ಅಥವಾ ಸಿರಿಂಜ್‌ನಲ್ಲಿ ಚುಚ್ಚಿಕೊಳ್ಳಿ. ಆಮೇಲೆ ಕ್ಯಾನುಲಾ, ಟ್ಯೂಬ್ ಇರುವ ಸೆಟ್ ಬದಲಾಯಿಸಿ, ನೀರು ಕುಡಿಯಿರಿ, ಡಾಕ್ಟರಿಗೆ ಫೋನ್ ಮಾಡಿ. ವಾಂತಿ ಶುರುವಾದರೆ ಆಸ್ಪತ್ರೆ. ಇದಕ್ಕಾಗಿಯೇ ಚೀಲದಲ್ಲಿ ಒಂದು ಇನ್ಸುಲಿನ್ ಪೆನ್ ಸದಾ ಇರಬೇಕು.

ಹತ್ತುವಾಗ

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಶುಗರ್ ಬೇಗ ಬೀಳುವಾಗ ಅದು ಹಿಂದೆ ಬೀಳುತ್ತದೆ. ಒನಕೆ ಓಬವ್ವನ ಕಿಂಡಿ ಹತ್ತಿರ ಸೆನ್ಸರ್ 110 ಅಂದರೆ ನಿಜವಾಗಿ 85 ಇರಬಹುದು. ಅದಕ್ಕೆ ಬರೀ ಸಂಖ್ಯೆ ಬೇಡ, ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತೋರಿಸುವ ಬಾಣದ ಗುರುತನ್ನೂ ನೋಡಿ. 125ರ ಹತ್ತಿರ ಬಂದು ಬಾಣ ಕೆಳಗೆ ಮುಖ ಮಾಡಿದ್ದರೆ ಆಗಲೇ 10ರಿಂದ 15 ಗ್ರಾಂ ತಗೊಳ್ಳಿ. ಲೋ ಅಲಾರ್ಮ್ 70ಕ್ಕೆ ಇಟ್ಟಿದ್ದರೆ ಹತ್ತುವ ಹೊತ್ತಿಗೆ 90ಕ್ಕೆ ಏರಿಸಿಕೊಳ್ಳಿ. ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ. ಮೀಟರ್ ಕೈಯಲ್ಲಿಲ್ಲದಿದ್ದರೆ ಮೈ ಮಾತು ಕೇಳಿ.

ಜೇಬಿನಲ್ಲಿ ಏನಿರಬೇಕು? ಗ್ಲುಕೋಸ್ ಪುಡಿ, ಇಲ್ಲವೇ ಮಾತ್ರೆ, ಇಲ್ಲವೇ ಸಕ್ಕರೆ. ಮೂರು ಚಮಚ ಸಕ್ಕರೆಯಲ್ಲಿ ಹೆಚ್ಚು ಕಡಿಮೆ 15 ಗ್ರಾಂ ಬರುತ್ತದೆ. ನಾನು ಹಳೇ ಫಿಲ್ಮ್ ಡಬ್ಬಿಗಳಲ್ಲಿ 15 ಗ್ರಾಂ ಲೆಕ್ಕಕ್ಕೆ ತುಂಬಿ ಮೂರು ಒಯ್ಯುತ್ತೇನೆ. ಚಾಕಲೇಟ್ ಬೇಡ. ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ, ಜೊತೆಗೆ ನಮ್ಮ ಬಿಸಿಲಿಗೆ ಜೇಬಲ್ಲೇ ಪಾಯಸವಾಗುತ್ತದೆ. ಏಲಕ್ಕಿ ಬಾಳೆ ಲೋ ತಡೆಯಲು ಒಳ್ಳೆಯದು, ಲೋ ಆದ ಮೇಲೆ ತಡ.

70ರ ಕೆಳಗೆ ಹೋದರೆ ನಿಲ್ಲಿ. ಕೂತುಕೊಳ್ಳಿ, ಬಂಡೆಯ ಅಂಚಿನಿಂದ ದೂರ. 15 ಗ್ರಾಂ ತಗೊಳ್ಳಿ, 15 ನಿಮಿಷ ಕಾಯಿರಿ, ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. 54ರ ಕೆಳಗೆ ಹೋಗಿದ್ದರೆ ಆ ದಿನದ ಹತ್ತುವುದು ಮುಗಿಯಿತು. ಸರಿಹೋದ ಮೇಲೆ ಕೆಳಗಿಳಿಯುವುದೊಂದೇ ಕೆಲಸ.

ಜೊತೆಗೆ ಬರುವವರಿಗೆ ಮೂರು ಮಾತು ಮುಂಚೆಯೇ ಹೇಳಿಡಿ. ಸಕ್ಕರೆ ಎಲ್ಲಿದೆ. ಪಂಪ್ ನಿಲ್ಲಿಸುವುದು ಹೇಗೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಕೊಡುವುದನ್ನು ಅವರಿಗೆ ಕಲಿಸಿರಬೇಕು. ಭಾವನಿಗೆ ನಾನು ಇದನ್ನೆಲ್ಲ ಕಾರಿನಲ್ಲಿ ಹೇಳಿಕೊಟ್ಟೆ. ಈಗ ಅವರೇ ನನಗಿಂತ ಮೊದಲು, "ಯಾಕೋ ಮಾತು ಕಮ್ಮಿ ಆಯ್ತು, ನೋಡಿಕೋ" ಅನ್ನುತ್ತಾರೆ. ಹತ್ತರಲ್ಲಿ ಏಳು ಸಲ ಸರಿ ಇರುತ್ತದೆ. ಉಳಿದ ಮೂರು ಸಲ ನಾನು ಸುಮ್ನೆ ಗಾಳಿ ಕುಡಿಯುತ್ತಾ ನಿಂತಿರುತ್ತೇನೆ.

ಗರಡಿ, ಕಬಡ್ಡಿ, ಈಜು

ದಾವಣಗೆರೆಯವರಿಗೆ ಕುಸ್ತಿಯ ಹುಚ್ಚು ಹೇಳಬೇಕಿಲ್ಲ. ದಂಡ, ಬಸ್ಕಿ, ತೂಕ ಎತ್ತುವುದು, ಕಬಡ್ಡಿಯ ರೈಡ್, ಇವೆಲ್ಲ ಚುಟುಕು ಜೋರಿನ ಕೆಲಸ. ಇದರಲ್ಲಿ ಅಡ್ರಿನಲಿನ್ ಏರಿ, ಯಕೃತ್ತು ಗ್ಲುಕೋಸ್ ಬಿಡುತ್ತದೆ. 140 ಇದ್ದದ್ದು ಅರ್ಧ ಗಂಟೆಯಲ್ಲಿ 210 ಆಗಬಹುದು. ಹೆದರಿ ತಕ್ಷಣ ಪೂರ್ತಿ ಕರೆಕ್ಷನ್ (ಏರಿದ್ದನ್ನು ಇಳಿಸುವ ಬೋಲಸ್) ಹಾಕಬೇಡಿ, ಆಮೇಲೆ ತಾನಾಗಿಯೇ ಇಳಿಯಲು ಶುರು ಮಾಡುತ್ತದೆ. ಇಂಥದ್ದಕ್ಕೆ ಬೇಸಲ್ ಮುಂಚೆಯೇ ಇಳಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ದಿನ ತೂಕವೂ ನಡಿಗೆಯೂ ಇದ್ದರೆ ಮೊದಲು ತೂಕ, ಆಮೇಲೆ ನಡಿಗೆ. ಬೀಳುವ ವೇಗ ತಗ್ಗುತ್ತದೆ.

ಮಣ್ಣಿನ ಕಣಕ್ಕೆ ಅಥವಾ ನೀರಿಗೆ ಇಳಿಯುವಾಗ ಟ್ಯೂಬ್ ಇರುವ ಪಂಪ್ ಬಿಚ್ಚಿಡಬಹುದು. ಒಂದು ಗಂಟೆಯ ಒಳಗೆ ಮತ್ತೆ ಸೇರಿಸುವುದು ಒಳ್ಳೆಯದು, ಎರಡು ಗಂಟೆ ದಾಟಿಸಬೇಡಿ. ಬಿಚ್ಚಿದ ಪಂಪನ್ನು ಬಿಸಿಲಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಒಳಗಿನ ಇನ್ಸುಲಿನ್ 37 ಡಿಗ್ರಿ ದಾಟಿದರೆ ಅದನ್ನು ಎಸೆದು ಹೊಸದು ತುಂಬಿಸಬೇಕು. ನಿಲ್ಲಿಸಿದ ಕಾರಿನೊಳಗೆ ಅಷ್ಟಾಗಲು ಬೇಸಿಗೆಯಲ್ಲಿ ಎಷ್ಟು ಹೊತ್ತು ಬೇಕು ಹೇಳಿ!

ಇಳಿದ ಮೇಲೆ, ಆ ರಾತ್ರಿ

ಹತ್ತಿ ಇಳಿದ ಖುಷಿಗೆ ಬೆಣ್ಣೆ ದೋಸೆ ಇರಲೇಬೇಕಲ್ವಾ? ನಮ್ಮ ಮನೆಯಲ್ಲಿ ಇದು ಕಾನೂನು. ಎರಡು ವಿಷಯ ನೆನಪಿರಲಿ. ಸ್ನಾಯುಗಳು ಖಾಲಿಯಾದ ಸಕ್ಕರೆ ಉಗ್ರಾಣ ತುಂಬಿಕೊಳ್ಳುತ್ತಿರುತ್ತವೆ, ಇನ್ಸುಲಿನ್ ಎಂದಿಗಿಂತ ಚುರುಕಾಗಿ ಕೆಲಸ ಮಾಡುತ್ತದೆ. ಹಾಗಾಗಿ ಈ ತಿಂಡಿಯ ಬೋಲಸ್ ಕಡಿಮೆ ಇರಬೇಕು. ನಾನು ಕಾಲು ಭಾಗ ಇಳಿಸುತ್ತೇನೆ, ಅರ್ಧದವರೆಗೂ ಇಳಿಸುವವರಿದ್ದಾರೆ. ಇನ್ನೊಂದು, ಬೆಣ್ಣೆ. ಅದು ದೋಸೆಯ ಹಿಟ್ಟು ಅರಗುವುದನ್ನು ತಡ ಮಾಡುತ್ತದೆ. ಎಲ್ಲ ಇನ್ಸುಲಿನ್ ಒಮ್ಮೆಲೇ ಹಾಕಿದರೆ ಮೊದಲ ಗಂಟೆ ಲೋ, ಮೂರನೇ ಗಂಟೆ ಹೈ. ಅರ್ಧ ಈಗ, ಉಳಿದರ್ಧ ಎರಡು ಗಂಟೆಯಲ್ಲಿ ಹರಡಿ ಕೊಡುವ ಬೋಲಸ್ ಅನೇಕ ಪಂಪ್‌ಗಳಲ್ಲಿ ಇದೆ. ಅದಕ್ಕೇ ಅಂತ ಮಾಡಿದ ಹಾಗಿದೆ.

ಆಮೇಲೆ ರಾತ್ರಿ. ಬೆಟ್ಟ ಹತ್ತಿದ ಪರಿಣಾಮ 24 ಗಂಟೆಯವರೆಗೂ ಇರಬಹುದು. ಸಂಜೆ ವ್ಯಾಯಾಮ ಮಾಡಿದವರಿಗಂತೂ ನಿದ್ದೆಯಲ್ಲಿ ಲೋ ಆಗುವ ಭಯ ಜಾಸ್ತಿ. ಮಲಗುವಾಗ ಬೇಸಲ್ 20 ಶೇಕಡಾ ಇಳಿಸಿ ಆರು ಗಂಟೆ ಬಿಡುವುದು ಒಳ್ಳೆಯ ಅಭ್ಯಾಸ. ಇಂಜೆಕ್ಷನ್ ಹಾಕುವವರಿಗೆ ಈ ಸೌಕರ್ಯವೇ ಇಲ್ಲ. ಪಂಪ್ ದುಬಾರಿ ಅಂತ ಗೊಣಗುವಾಗ ನಾನು ಈ ಆರು ಗಂಟೆಯನ್ನು ನೆನೆಸಿಕೊಳ್ಳುತ್ತೇನೆ. ಸೆನ್ಸರ್ ಇಲ್ಲದವರು ರಾತ್ರಿ ಮೂರಕ್ಕೆ ಅಲಾರ್ಮ್ ಇಟ್ಟು ಒಮ್ಮೆ ಬೆರಳು ಚುಚ್ಚಿ. ಆ ರಾತ್ರಿ ಮದ್ಯ ಬೇಡ, ಅದು ಗ್ಲುಕೋಸ್ ಬಿಡದ ಹಾಗೆ ಯಕೃತ್ತಿನ ಕೈ ಕಟ್ಟಿಹಾಕುತ್ತದೆ.

ಪ್ರತಿ ಸಲ ಬರೆದಿಡಿ. ನಾಲ್ಕು ಭಾನುವಾರದ ಲೆಕ್ಕ ಒಟ್ಟಿಗೆ ನೋಡಿದರೆ ನೀವು ಬೇಸಲ್ ಇಳಿಸಬೇಕಾದದ್ದು ಶೇಕಡಾ 50ರಷ್ಟೋ 70ರಷ್ಟೋ ಅಂತ ಗೊತ್ತಾಗುತ್ತದೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

5:30, ಮನೆ: 138. ಬೇಸಲ್ ಅರ್ಧ. ತಿಂಡಿ ಇಲ್ಲ.
7:00, ಮೆಟ್ಟಿಲ ಬುಡ: 151. ಆ್ಯಕ್ಟಿವ್ ಇನ್ಸುಲಿನ್ ಸೊನ್ನೆ.
7:50, ಏಕನಾಥೇಶ್ವರಿ ಗುಡಿ: 122, ಬಾಣ ಓರೆಯಾಗಿ ಕೆಳಗೆ. ಒಂದು ಡಬ್ಬಿ.
9:10, ಕೆಳಗೆ: 134. ಬೇಸಲ್ ಮಾಮೂಲು.
10:45, ದಾವಣಗೆರೆ: ಎರಡು ಬೆಣ್ಣೆ ದೋಸೆ. ಬೋಲಸ್ ಕಾಲು ಭಾಗ ಕಮ್ಮಿ, ಅರ್ಧ ಹರಡಿದ್ದು.
1:45: 176. ಚಟ್ನಿ ಎರಡು ಸಲ ಹಾಕಿಸಿಕೊಂಡೆ.
ರಾತ್ರಿ 10:30: 144. ಬೇಸಲ್ 20 ಕಮ್ಮಿ, ಆರು ಗಂಟೆ.
2:55: 97, ಬಾಣ ಅಡ್ಡ. ನೀರು ಕುಡಿದು ಮಲಗಿದೆ.